ಎಸ್ಬೆನ್‌ಗೆ ಮೂರು ಮತ

ಆ ಆಟದ ಕೊನೆ ಸರಿಯೋ ತಪ್ಪೋ ಎಂಬ ಜಗಳ ನಮ್ಮ ಬಂದರಿನ ಊರಿನಲ್ಲಿ ಇನ್ನೂ ಮುಗಿದಿಲ್ಲ. ಎಸ್ಬೆನ್ ಎದುರಿಗಿದ್ದಾಗ ಮಾತ್ರ ಯಾರೂ ಆ ಮಾತನ್ನು ಎತ್ತುವುದಿಲ್ಲ.

ಎಸ್ಬೆನ್ ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡರ್. ಬಾಗಿಲಿನ ತುಂಬ ನಿಲ್ಲುವಂಥ ಆಳು, ಮಾತು ಕಡಿಮೆ. ಶಾಲೆಯ ಕಾಲದಿಂದ ಅವನಿಗಿದ್ದ ಗೆಳೆಯರು ಇಬ್ಬರೇ. ಒಬ್ಬ ಟ್ರೋಲ್ಸ್, ಟ್ಯಾಕ್ಸಿ ಓಡಿಸುತ್ತಿದ್ದವನು, ಹತ್ತಿದವರನ್ನೆಲ್ಲ ಇಳಿಯುವುದರೊಳಗೆ ನಗಿಸುತ್ತಿದ್ದವನು. ಇನ್ನೊಬ್ಬಳು ಹೆಲ್ಲೆ, ಅಂಚೆ ಹಂಚುವವಳು, ಎರಡು ಮದುವೆ ಮುರಿದುಕೊಂಡವಳು. ಎರಡು ಸಲವೂ ಅವಳ ಸೋಫಾ, ಮಂಚ, ಬೀರುಗಳನ್ನು ಮೆಟ್ಟಿಲಿಳಿಸಿ ಹೊಸ ಮನೆಗೆ ಹೊತ್ತು ಹಾಕಿದ್ದು ಎಸ್ಬೆನ್. ಟ್ರೋಲ್ಸ್‌ನ ಅಪ್ಪ ಸಾಯುವ ಮುಂಚೆ ನೆನಪು ಕಳೆದುಕೊಂಡು ಮಗನನ್ನೇ ಹೊಡೆಯಲು ಬರುತ್ತಿದ್ದಾಗ, ಆ ಮುದುಕನ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವನೂ ಅವನೇ. ಯಾರೂ ಅವನನ್ನು ಕೇಳಿಕೊಳ್ಳುತ್ತಿರಲಿಲ್ಲ. ಕೇಳುವ ಮೊದಲೇ ಅವನು ಬಂದು ನಿಂತಿರುತ್ತಿದ್ದ.

ಹೆಂಡತಿ ಬಿಟ್ಟುಹೋದ ಮೇಲೆ ಎಸ್ಬೆನ್ ಒಬ್ಬನೇ ಇದ್ದ. ಶನಿವಾರ ಮಧ್ಯಾಹ್ನ ಮೂವರೂ ಅವನ ಮನೆಯಲ್ಲಿ ಸೇರಿ, ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್ ಇಟ್ಟುಕೊಂಡು ಆಡುತ್ತಿದ್ದರು. ಆಟದ ಹೆಸರು ‘ಬೂದಿ ಕಣಿವೆ’. ಕತ್ತಿ, ಮಂತ್ರ, ರೆಕ್ಕೆಯ ಮೃಗಗಳು, ಸುಟ್ಟುಹೋದ ಒಂದು ರಾಜ್ಯ; ಅಲ್ಲಿಂದ ಪಾರಾಗಿ ಹಸಿರು ನಾಡು ಸೇರಬೇಕು. ಹೆಲ್ಲೆಯದು ಮಾಟಗಾತಿಯ ಪಾತ್ರ. ಟ್ರೋಲ್ಸ್‌ನದು ಕಳ್ಳ, ಸತ್ತವರ ಜೇಬಿಗೂ ಕೈ ಹಾಕದೆ ಮುಂದೆ ಹೋಗುತ್ತಿರಲಿಲ್ಲ. ಎಸ್ಬೆನ್ ಗುರಾಣಿ ಹಿಡಿದವನು. ಮುಂದೆ ನಿಂತು ಏಟು ತಿನ್ನುವುದು ಅವನ ಕೆಲಸ, ಅವನ ಬೆನ್ನ ಹಿಂದೆ ನಿಂತು ಉಳಿದಿಬ್ಬರು ಹೊಡೆದಾಡುತ್ತಿದ್ದರು. ಎರಡು ಚಳಿಗಾಲ ಹೀಗೇ ಕಳೆಯಿತು.

ಎರಡನೆಯ ಚಳಿಗಾಲಕ್ಕೆ ಮೊದಲೇ ಟ್ರೋಲ್ಸ್‌ನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಟ್ಯಾಕ್ಸಿ ಮಾರಿದ. ವಾರಕ್ಕೆ ಮೂರು ದಿನ ಊರ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನೀರು ಕೂಡ ಅಳತೆ ಮಾಡಿ ಕುಡಿಯಬೇಕು. ಬಾಯಾರಿದರೆ ಮಂಜುಗಡ್ಡೆಯ ಚೂರು ಚೀಪಬೇಕು. ಅವನ ಹೆಂಡತಿ ಮಾಲೆನೆ, ಶಿಶುವಿಹಾರದ ಟೀಚರು, ಒಂದು ದಿನ ಎಸ್ಬೆನ್‌ನ ಅಡುಗೆಮನೆಯಲ್ಲಿ ಕೂತು, “ಸತ್ತವರ ಕಿಡ್ನಿ ಸಿಗೋದಕ್ಕೆ ವರ್ಷಗಟ್ಲೆ ಸರದಿ ಅಂತೆ. ಅವನ ರಕ್ತದ ಗುಂಪಿಗೆ ಇನ್ನೂ ಕಷ್ಟವಂತೆ” ಎಂದು ಕಣ್ಣೊರೆಸಿಕೊಂಡಳು. ಎಸ್ಬೆನ್ ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ. “ನಂದು ತಗೊಳ್ಳಿ. ಎರಡಿದೆಯಲ್ಲ” ಎಂದ.

ಅಲ್ಲೇ ಕೂತಿದ್ದ ಹೆಲ್ಲೆ ತಮಾಷೆ ಅಂದುಕೊಂಡು ನಕ್ಕಳು. ಅದು ತಮಾಷೆಯಾಗಿರಲಿಲ್ಲ. ಪರೀಕ್ಷೆಗಳಾದವು, ಎಲ್ಲ ಹೊಂದಿಕೆಯಾಯಿತು. ಈಸ್ಟರ್ ಕಳೆದ ಮೇಲೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ದಿನ ಗೊತ್ತಾಯಿತು. ಮಾಲೆನೆ ಎಸ್ಬೆನ್‌ಗೊಂದು ಉಣ್ಣೆಯ ಸ್ವೆಟರ್ ಹೆಣೆದು ಕೊಟ್ಟಳು. ಟ್ರೋಲ್ಸ್ ಸಿಕ್ಕಾಗಲೆಲ್ಲ ಅವನ ಪಕ್ಕೆ ತಟ್ಟಿ, “ಹೇಗಿದಾನೆ ನಮ್ಮ ಹುಡುಗ? ನನ್ನ ಹೊಟ್ಟೆಗೆ ಬರ್ಲಿ ಮಾರಾಯ, ಮೊದಲ ಸಲ ನಗೋದು ಕಲೀತಾನೆ” ಎನ್ನುತ್ತಿದ್ದ.

ಎಸ್ಬೆನ್‌ಗೆ ಹೆದರಿಕೆಯಿತ್ತು. ಅವನು ಚಿಕ್ಕವನಿದ್ದಾಗ ಸೋದರಮಾವನೊಬ್ಬ ಸಣ್ಣ ಆಪರೇಷನ್ ಅಂತ ಹೋದವನು ತಿರುಗಿ ಬಂದಿರಲಿಲ್ಲ. ಮೂಗಿಗೆ ಅರಿವಳಿಕೆಯ ಮುಖವಾಡ ಒತ್ತುವುದು ನೆನೆಸಿಕೊಂಡರೆ, ಹಡಗಿನ ಹೊಟ್ಟೆಯೊಳಗೆ ತೂರಿ ಬೆಸುಗೆ ಹಾಕುವ ಆ ಮನುಷ್ಯನ ಅಂಗೈ ಬೆವರುತ್ತಿತ್ತು. “ಭಯ ಇದೆಯಾ? ಯಾರಾದರೂ ಒತ್ತಾಯ ಮಾಡ್ತಿದಾರಾ?” ಎಂದು ಕೇಳಿದವಳು ಆಸ್ಪತ್ರೆಯ ಆಪ್ತಸಲಹೆಗಾರ್ತಿ ಒಬ್ಬಳೇ. ಎರಡಕ್ಕೂ ಅವನು ಇಲ್ಲವೆಂದ.

ಮಾರ್ಚ್ ತಿಂಗಳ ಒಂದು ಶನಿವಾರ ಅವರು ಆಟದ ಕೊನೆಯ ಕದ ಮುಟ್ಟಿದರು.

ಆ ಕದದ ಸುದ್ದಿ ಅವರಿಗೆ ಮೊದಲೇ ಅಷ್ಟಿಷ್ಟು ಗೊತ್ತಿತ್ತು. ಹೆಲ್ಲೆ ಎಲ್ಲ ಓದಿಕೊಂಡು ಬಂದಿದ್ದಳು. “ಪ್ರಪಂಚವೆಲ್ಲ ಬಯ್ತಾ ಇದೆ ಕಣ್ರೋ. ಅರ್ಧ ಜನ ದುಡ್ಡು ವಾಪಸ್ ಕೊಡಿ ಅಂತಿದಾರೆ. ಇನ್ನರ್ಧ, ಅತ್ತುಬಿಟ್ವಿ, ಇಂಥಾ ಕೊನೆ ಯಾವ ಆಟದಲ್ಲೂ ಇಲ್ಲ ಅಂತಿದಾರೆ.”

ವಿಷಯ ಇಷ್ಟೇ. ಕಲ್ಲಿನ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಬ್ಬರು ಒಳಗೇ ನಿಂತು ಅದನ್ನು ಹೆಗಲಿನಿಂದ ಎತ್ತಿ ಹಿಡಿದರೆ ಮಾತ್ರ ಉಳಿದವರು ಹೊರಗೆ ಹೋಗಬಹುದು. ಯಾರು ಉಳಿಯಬೇಕೆಂದು ಆಡುವವರು ಗುಟ್ಟಾಗಿ ಮತ ಹಾಕಬೇಕು. ಉಳಿದವನ ಪಾತ್ರ ಅಲ್ಲಿಗೆ ಮುಗಿಯಿತು. ಅವನು ವರ್ಷಗಟ್ಟಲೆ ಗಳಿಸಿದ್ದೆಲ್ಲ ಅಳಿಸಿಹೋಗುತ್ತದೆ.

“ಒಂದು ಕೆಲಸ ಮಾಡೋಣ,” ಎಂದಳು ಹೆಲ್ಲೆ. “ಎಲ್ಲರೂ ಅವರವರ ಹೆಸರೇ ಒತ್ತೋಣ. ಸಮ ಬಂದ್ರೆ ಆಟಾನೇ ಚೀಟಿ ಎತ್ತುತ್ತಂತೆ. ಯಾರಿಗೂ ಯಾರ ಮೇಲೂ ಬೇಜಾರಿರಲ್ಲ.”

“ಪ್ರಮಾಣ ಮಾಡು,” ಎಂದ ಟ್ರೋಲ್ಸ್.

“ಬೈಬಲ್ ಎಲ್ಲಿದೆ ಈ ಮನೇಲಿ?”

“ರೊಟ್ಟಿ ಇದೆಯಲ್ಲ, ಸಾಕು.”

ಮೂವರೂ ಮೇಜಿನ ಮೇಲಿದ್ದ ಕಪ್ಪು ರೊಟ್ಟಿಯ ಮೇಲೆ ಕೈಯಿಟ್ಟು ನಗುತ್ತಾ ಪ್ರಮಾಣ ಮಾಡಿದರು. ಆಮೇಲೆ ಒಬ್ಬರದು ಒಬ್ಬರಿಗೆ ಕಾಣದ ಹಾಗೆ ತಂತಮ್ಮ ಪರದೆಯ ಕಡೆಗೆ ಬಾಗಿದರು. ಎಸ್ಬೆನ್ ತನ್ನ ಹೆಸರು ಒತ್ತಿ ಕೈ ಕಟ್ಟಿ ಕೂತ. ಹೆಲ್ಲೆ ಒತ್ತಿದಳು. ಟ್ರೋಲ್ಸ್ ತುಸು ಹೊತ್ತು ತೆಗೆದುಕೊಂಡ, ಅವನೂ ಒತ್ತಿದ.

ಮೂರು ಪರದೆಗಳ ಮೇಲೂ ಒಂದೇ ಸಾಲು ಮೂಡಿತು. ಎಸ್ಬೆನ್, ಮೂರು ಮತ.

ಆಟ ಯಾರಿಗೂ ಕಾಯದೆ ಮುಂದುವರಿಯಿತು. ಗುರಾಣಿಯವನು ಕದದ ಕೆಳಗೆ ಹೆಗಲು ಕೊಟ್ಟ. ಮಾಟಗಾತಿ ದಾಟಿದಳು, ಕಳ್ಳ ದಾಟಿದ. ಕದ ಬಿತ್ತು. ಎಸ್ಬೆನ್‌ನ ಪರದೆಯಲ್ಲಿ ಬೂದಿ ಉದುರಿ ಉದುರಿ ಎಲ್ಲ ಮುಚ್ಚಿ, ಕೊನೆಗೆ ಕಪ್ಪಾಯಿತು. ‘ಹೊಸ ಪಾತ್ರ ಮಾಡುವಿರಾ?’ ಎಂಬ ಪ್ರಶ್ನೆ ಬಂತು. ಉಳಿದಿಬ್ಬರ ಪರದೆಯಲ್ಲಿ ಬಿಸಿಲು, ಹುಲ್ಲುಗಾವಲು, ಉದ್ದದ ಮೇಜು, ಹಬ್ಬದ ಊಟ. ಹಳ್ಳಿಯ ಜನ ಬಂದು ಇಬ್ಬರಿಗೂ ಹೂವಿನ ಕಿರೀಟ ತೊಡಿಸಿದರು. ಹಾಡು ಮುಗಿದು, ಆಟ ಮಾಡಿದವರ ಹೆಸರುಗಳು ಉರುಳತೊಡಗಿದರೂ ಒಳಗೆ ಉಳಿದವನ ಹೆಸರನ್ನು ಒಬ್ಬರೂ ಎತ್ತಲಿಲ್ಲ.

“ನಾವು ಮಾತಾಡ್ಕೊಂಡಿದ್ದು ಬೇರೆ,” ಎಂದ ಎಸ್ಬೆನ್.

ಹೆಲ್ಲೆಯ ಮುಖ ಕೆಂಪಾಗಿತ್ತು. “ಕಥೆಗೆ ಅದೇ ಸರಿ ಅನ್ನಿಸ್ತು ಕಣೋ. ಗುರಾಣಿ ಹಿಡಿದವನಲ್ದೆ ಇನ್ಯಾರು ಕದ ಹಿಡೀತಾರೆ? ಮಾಟಗಾತಿ ಹಿಡೀತಾಳಾ? ನಾನೊಬ್ಬಳೇ ಒತ್ತಿದ್ದೀನಿ ಅಂದ್ಕೊಂಡಿದ್ದೆ. ಈ ಕಳ್ಳ ಕೂಡ ಅಂತ ಯಾರಿಗೆ ಗೊತ್ತು?”

“ಕಳ್ಳನ್ನ ನಂಬಿದ್ದು ನಿಮ್ಮ ತಪ್ಪು,” ಎಂದ ಟ್ರೋಲ್ಸ್. ನಗಲು ಹೋದ, ಆಗಲಿಲ್ಲ. “ಅಲ್ಲ ಕಣೋ, ನೀನು ಹೇಗೂ ನಿನ್ನ ಹೆಸರೇ ಒತ್ತಿರ್ತೀಯ ಅಂತ ಗೊತ್ತಿತ್ತಲ್ಲ.”

“ಗೊತ್ತಿತ್ತು,” ಎಂದು ಎಸ್ಬೆನ್ ಅವನ ಮಾತನ್ನೇ ಹಿಂದಿರುಗಿಸಿದ. ಎದ್ದು ಕಾಫಿ ಲೋಟಗಳನ್ನು ಒಟ್ಟು ಮಾಡಿ ತೊಳೆಯಲು ನಿಂತ. ಅವನು ಲೋಟ ತೊಳೆಯುವುದು ಅವರಿಗೆ ಹೊಸದೇನಲ್ಲ. ಅವನ ಬೆನ್ನ ಹಿಂದೆ ಹೆಲ್ಲೆ, ಹಬ್ಬದ ಊಟದಲ್ಲಿ ಯಾಕೆ ಯಾರೂ ಅವನ ಹೆಸರು ಹೇಳಲಿಲ್ಲ, ಇದು ಎಂಥಾ ಕೆಟ್ಟ ಬರವಣಿಗೆ ಎಂದು ಆಟ ಮಾಡಿದವರನ್ನು ಬಯ್ಯತೊಡಗಿದಳು. ಟ್ರೋಲ್ಸ್ ಹೌದು ಹೌದು ಎಂದ.

ಬುಧವಾರ ಊಟದ ಬಿಡುವಿನಲ್ಲಿ ಎಸ್ಬೆನ್ ಯಾರ್ಡಿನ ಹಿಂಬದಿಗೆ ಹೋಗಿ, ತುಕ್ಕು ಹಿಡಿದ ಲಂಗರಿನ ಮೇಲೆ ಕೂತು, ಆಪರೇಷನ್ ಏರ್ಪಾಡು ನೋಡಿಕೊಳ್ಳುವ ನರ್ಸಿಗೆ ಫೋನ್ ಮಾಡಿದ.

“ನನಗೆ ಆಗಲ್ಲ. ಕೊಡೋದಿಲ್ಲ ನಾನು.”

ಆಕೆ ಕಾರಣ ಕೇಳಲಿಲ್ಲ. “ಸರಿ. ಅದು ನಿಮ್ಮ ಹಕ್ಕು. ಯಾವ ಕ್ಷಣದಲ್ಲಾದರೂ ಬೇಡ ಅನ್ನಬಹುದು.”

“ಅವನಿಗೆ ಏನಂತ ಹೇಳ್ತೀರಿ?”

“ಕೊನೆಯ ಪರೀಕ್ಷೆಯಲ್ಲಿ ಹೊಂದಿಕೆ ಆಗಲಿಲ್ಲ ಅಂತೀವಿ. ಅದಕ್ಕಿಂತ ಹೆಚ್ಚು ನಾವು ಯಾರಿಗೂ ಹೇಳೋದಿಲ್ಲ. ನೀವು ಚಿಂತೆ ಮಾಡಬೇಡಿ.”

ಅಷ್ಟು ಸುಲಭವಾಗಿ ಮುಗಿಯುತ್ತದೆ ಎಂದು ಅವನು ಎಣಿಸಿರಲಿಲ್ಲ. ಹೆಗಲ ಮೇಲಿನ ಭಾರ ಇಳಿಯಿತು. ಆ ದಿನ ಮಧ್ಯಾಹ್ನ ಅವನು ಹಾಕಿದ ಬೆಸುಗೆ ಕನ್ನಡಿಯಂತಿತ್ತು ಎಂದು ಮೇಸ್ತ್ರಿ ಹೊಗಳಿದ.

ವಾರದ ಕೊನೆಗೆ ಬಾಗಿಲು ಬಡಿದ ಸದ್ದಾಯಿತು. ಟ್ರೋಲ್ಸ್ ನಿಂತಿದ್ದ, ಕೈಯಲ್ಲಿ ಬೇಕರಿಯ ಪೆಟ್ಟಿಗೆ. ಬಸ್ ಸ್ಟಾಪಿನಿಂದ ನಡೆದು ಬಂದದ್ದಕ್ಕೇ ಏದುಸಿರು ಬಿಡುತ್ತಿದ್ದ.

“ನೋಡು, ನೀನು ಮುಖ ಸಣ್ಣ ಮಾಡ್ಕೊಂಡು ಕೂತಿರ್ತೀಯ ಅಂತ ನನಗೆ ಗೊತ್ತು,” ಎಂದು ಒಳಗೆ ಬಂದವನೇ ಹೇಳಿದ. “ನಿನ್ನ ಕಿಡ್ನಿ ದರಿದ್ರದ್ದಾದ್ರೆ ನೀನೇನು ಮಾಡೋಕಾಗುತ್ತೆ? ಡಾಕ್ಟರು ಮೊದಲು ಹೊಂದುತ್ತೆ ಅಂದ್ರು, ಈಗ ಇಲ್ಲ ಅಂತಾರೆ. ತಪ್ಪು ಅವರದ್ದು. ನೀನು ಕೊಡ್ತೀನಿ ಅಂದ್ಯಲ್ಲ, ಅಷ್ಟು ಸಾಕು ನನಗೆ. ಕೂತ್ಕೋ, ಕೇಕ್ ತಿನ್ನು.”

ಕೇಕಿನ ಮೇಲೆ ಚಾಕೊಲೇಟಿತ್ತು. ಪಥ್ಯದಲ್ಲಿದ್ದ ಟ್ರೋಲ್ಸ್ ಅದನ್ನು ತಿನ್ನುವ ಹಾಗಿರಲಿಲ್ಲ. ಗೆಳೆಯ ತಿನ್ನುವುದನ್ನು ನೋಡುತ್ತಾ ಕೂತ. ಎಸ್ಬೆನ್ ಒಂದು ಹೋಳು ತಿಂದ. ಟ್ರೋಲ್ಸ್ ಬಲವಂತ ಮಾಡಿದ್ದಕ್ಕೆ ಇನ್ನೊಂದು ಹೋಳನ್ನೂ ತಿಂದ. ಹೇಳಿಬಿಡಬೇಕು ಎಂದು ಬಾಯಿ ತೆರೆದಾಗಲೆಲ್ಲ ಬಾಯಿ ತುಂಬ ಕೇಕಿತ್ತು. ಹೊರಡುವಾಗ ಟ್ರೋಲ್ಸ್ ಅವನ ಬೆನ್ನು ಸವರಿ, “ನಿನ್ನಂಥವನು ನನಗಿರೋದೇ ಪುಣ್ಯ” ಎಂದ.

ಆಮೇಲೆ ಶನಿವಾರಗಳು ನಿಂತುಹೋದವು. ಎಸ್ಬೆನ್ ಓವರ್‌ಟೈಮ್ ಎಂದ, ಬೆನ್ನುನೋವು ಎಂದ. ಅವನಿಗೆ ಆಟದ ಕೋಪ ಎಂದು ಹೆಲ್ಲೆಗೆ ಅನಿಸಿತು. ಅದನ್ನು ಸರಿಮಾಡುವುದು ತನ್ನ ಹೊಣೆ ಎಂದುಕೊಂಡಳು. ಕೊನೆ ಬದಲಾಯಿಸಿ ಎಂದು ಆಟದ ಕಂಪನಿಗೆ ಬರೆದ ಸಾವಿರಾರು ಜನರಲ್ಲಿ ಅವಳೂ ಒಬ್ಬಳು. ಕಾಗದ ಹಂಚುತ್ತಾ ಮನೆಮನೆಯ ಮುಂದೆ ನಿಂತು ಅದೇ ಮಾತು. ಕೊನೆಗೆ ಕಂಪನಿ ಸೋತಿತು. ಬೇಸಿಗೆ ಮುಗಿಯುವ ಹೊತ್ತಿಗೆ ಹೊಸ ಕೊನೆಯೊಂದು ಬಂತು: ಅಲ್ಲಿ ಮೂವರೂ ಸರಪಳಿ ಹಿಡಿದು ಕದ ಎತ್ತಿ ಒಟ್ಟಿಗೆ ದಾಟಬಹುದು, ಅಳಿಸಿಹೋದವರೂ ಮರಳಿ ಬರುತ್ತಾರೆ. ಆಡಲು ಕರೆದರೂ ಎಸ್ಬೆನ್ ಬರಲಿಲ್ಲ. ಹೆಲ್ಲೆ ತಾನೇ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಕುರ್ಚಿಯ ಪಕ್ಕದಲ್ಲಿ ಕೂತು, ಎಸ್ಬೆನ್‌ನ ಪಾತ್ರವನ್ನೂ ತಾನೇ ನಡೆಸುತ್ತಾ ಟ್ರೋಲ್ಸ್ ಜೊತೆ ಆಡಿ ಮುಗಿಸಿದಳು.

ಮುಗಿದ ಮೇಲೆ ಟ್ರೋಲ್ಸ್, “ಸಪ್ಪೆ” ಎಂದನಂತೆ.

“ಮೂರು ಜನಾನೂ ಬದುಕಿದ್ರು! ಇನ್ನೇನು ಬೇಕೋ ನಿನಗೆ? ಒಬ್ಬರು ಸಾಯ್ಲೇಬೇಕಾ?” ಎಂದು ಹೆಲ್ಲೆ ಕೂಗಿದಳು. ಸುತ್ತಲಿನ ಕುರ್ಚಿಗಳಲ್ಲಿದ್ದವರೆಲ್ಲ ತಿರುಗಿ ನೋಡಿದಾಗ ತಾನೇನು ಅಂದೆ ಎಂದು ಅವಳಿಗೆ ತಿಳಿಯಿತು.

ಅಕ್ಟೋಬರ್ ಹೊತ್ತಿಗೆ ಟ್ರೋಲ್ಸ್ ಇಳಿದುಹೋಗಿದ್ದ. ಡಯಾಲಿಸಿಸ್ ಸೂಜಿ ಚುಚ್ಚುತ್ತಿದ್ದ ತೋಳಿನ ನರ ಕೆಟ್ಟು, ಕತ್ತಿನ ಬುಡದಲ್ಲಿ ನಳಿಕೆ ಇಟ್ಟಿದ್ದರು. ಮಾಲೆನೆ ಎಸ್ಬೆನ್‌ಗೆ ಫೋನ್ ಮಾಡಿ, “ಅವನು ನಿನ್ನ ಕೇಳ್ತಾ ಇರ್ತಾನೆ. ಒಂದು ಸಲ ಬಂದು ಹೋಗು” ಎಂದಳು. ಎಸ್ಬೆನ್ ಮರುದಿನ ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಹೋದ.

ಟ್ರೋಲ್ಸ್ ಕಂಬಳಿ ಹೊದ್ದು ಕುರ್ಚಿಯಲ್ಲಿ ಒರಗಿದ್ದ. ಪಕ್ಕದ ಯಂತ್ರದಲ್ಲಿ ರಕ್ತ ಸುತ್ತುತ್ತಿತ್ತು. ಸ್ವಲ್ಪ ಹೊತ್ತು ಹವೆಯ ಮಾತು, ಯಾರ್ಡಿಗೆ ಬಂದ ಹಡಗಿನ ಮಾತು ಆಯಿತು. ಆಮೇಲೆ ಟ್ರೋಲ್ಸ್ ತಾನಾಗಿಯೇ ಆಟದ ಮಾತು ಎತ್ತಿದ.

“ಅವತ್ತು ನಾನು ನನ್ನ ಹೆಸರ ಮೇಲೇ ಬೆರಳಿಟ್ಟಿದ್ದೆ ಕಣೋ. ಒತ್ತೋಕಾಗ್ಲಿಲ್ಲ. ಈ ಕುರ್ಚೀಲಿ ಕೂತು, ಸಾಯೋರಲ್ಲಿ ನಾನು ಬೇಡ, ನನ್ನನ್ನ ಬೇಡ ಅಂತ ಬೇಡ್ಕೊಳ್ತಾನೇ ಇರ್ತೀನಿ. ಆಟದಲ್ಲೂ ‘ನಾನುಳೀತೀನಿ, ನೀವು ಹೋಗಿ’ ಅನ್ನೋಕೆ ಮನಸ್ಸು ಬರ್ಲಿಲ್ಲ. ಹೆಲ್ಲೆ ಹೆಸರು ಒತ್ತಿದ್ರೆ ಸಾಯೋತನಕ ಬಯ್ತಾಳೆ. ನೀನಾದ್ರೆ ಏನೂ ಅಂದ್ಕೊಳ್ಳಲ್ಲ ಅಂತ…”

“ಅಂದ್ಕೊಂಡೆ.”

“ಏನು?”

“ಅಂದ್ಕೊಂಡೆ ಅಂದೆ.” ಎಸ್ಬೆನ್ ತನ್ನ ಬೂಟುಗಳನ್ನು ನೋಡುತ್ತಿದ್ದ. “ಡಾಕ್ಟರು ಹೇಳಿದ್ದು ಸುಳ್ಳು. ಹೊಂದಿಕೆ ಆಗಿತ್ತು. ನಾನೇ ಫೋನ್ ಮಾಡಿ ಬೇಡ ಅಂದೆ.”

ಒರಗಿದ್ದ ಟ್ರೋಲ್ಸ್ ತಲೆ ಎತ್ತಿದ.

“ಆಟಕ್ಕಾ?”

“ಆಟಕ್ಕಲ್ಲ. ನನಗೆ ಹೆದರಿಕೆ ಇತ್ತು. ಸಾಯ್ತೀನೇನೋ ಅಂತ. ನೀವ್ಯಾರೂ ಒಂದು ದಿನಾನೂ ಕೇಳಲಿಲ್ಲ.”

“ನೀನು ಹೇಳಲಿಲ್ಲ.”

“ಹೇಳಲಿಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಅವತ್ತು ಮೂರು ಮತ ನೋಡಿದ ಮೇಲೆ, ಇವರಿಗೆ ಅದು ಯಾವತ್ತೂ ಹೊಳೆದೇ ಇಲ್ಲ ಅಂತ ಗೊತ್ತಾಯ್ತು.”

“ನಾನು ನಿನ್ನ ಸಮಾಧಾನ ಮಾಡೋಕೆ ಬಂದಿದ್ದೆ,” ಎಂದ ಟ್ರೋಲ್ಸ್ ನಿಧಾನವಾಗಿ. “ನಡೆದುಕೊಂಡು. ಕೇಕ್ ಹಿಡ್ಕೊಂಡು.”

“ಹೂಂ.”

“ನೀನು ಅದನ್ನ ತಿಂದೆ.”

“ತಿಂದೆ.”

ಜೀವಮಾನವೆಲ್ಲ ಯಾವುದಕ್ಕಾದರೂ ಒಂದು ತಮಾಷೆ ಹುಡುಕುತ್ತಿದ್ದ ಮನುಷ್ಯ ಅದಕ್ಕೊಂದು ತಮಾಷೆ ಹುಡುಕುವ ಹಾಗೆ ಬಾಯಿ ಅಲುಗಿಸಿದ. ಸಿಗಲಿಲ್ಲ. ಮುಖವನ್ನು ಯಂತ್ರದ ಕಡೆ ತಿರುಗಿಸಿಕೊಂಡು “ಹೋಗು” ಎಂದ. ಎಸ್ಬೆನ್ ಏಳದೆ ಕೂತಿದ್ದನ್ನು ಕಂಡು ಇನ್ನೊಮ್ಮೆ ಹೇಳಿದ, “ಹೋಗೋ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಎಸ್ಬೆನ್ ಆ ನರ್ಸಿಗೆ ಮತ್ತೆ ಫೋನ್ ಮಾಡಿದ. ಕೊಡುತ್ತೇನೆ, ನಾಳೆಯೇ ತೆಗೆದುಕೊಳ್ಳಿ ಎಂದ. ಆಕೆ ಮೊದಲಿನಷ್ಟೇ ಶಾಂತವಾಗಿ, ಹಾಗೆಲ್ಲ ನಾಳೆಗೆ ಆಗುವುದಿಲ್ಲ, ಎಲ್ಲ ಪರೀಕ್ಷೆ ಮೊದಲಿಂದ ಆಗಬೇಕು, ನಿಮ್ಮ ಮನಸ್ಸು ಗಟ್ಟಿಯಾಗಿದೆಯೇ ಎಂದೂ ನೋಡಬೇಕು ಎಂದಳು. ಅವರು ಕರೆದಾಗಲೆಲ್ಲ ಅವನು ದೊಡ್ಡ ಊರಿಗೆ ರೈಲು ಹತ್ತಿ ಹೋದ. ಈ ಸಲ ಭಯವಿದೆಯೇ ಎಂದು ಕೇಳಿದಾಗ ಇದೆ ಎಂದ, ಆದರೂ ಕೊಡುತ್ತೇನೆ ಎಂದ.

ಪರೀಕ್ಷೆಗಳು ಮುಗಿಯುವ ಮೊದಲೇ ಕತ್ತಿನ ನಳಿಕೆಯಿಂದ ಸೋಂಕು ಟ್ರೋಲ್ಸ್‌ನ ರಕ್ತಕ್ಕೆ ಇಳಿಯಿತು, ಅಲ್ಲಿಂದ ಹೃದಯದ ಕವಾಟಕ್ಕೆ. ಡಾಕ್ಟರು ಎಸ್ಬೆನ್‌ನನ್ನು ಕೂರಿಸಿ ಹೇಳಿದರು: “ಈ ಹೃದಯ ಇಟ್ಟುಕೊಂಡು ಅವರು ಆಪರೇಷನ್ ತಡ್ಕೊಳ್ಳಲ್ಲ. ಈಗ ನೀವು ಕೊಟ್ಟರೂ ಹಾಕೋ ಹಾಗಿಲ್ಲ.”

ಎಸ್ಬೆನ್ ಟ್ರೋಲ್ಸ್‌ನ ಮೊಬೈಲಿಗೆ, ಬರಲಾ ಎಂದು ಬರೆದ. ಮರುದಿನ ಉತ್ತರ ಬಂತು. ‘ಬೇಡ. ಹೆಲ್ಲೆಗೆ ಹೇಳಬೇಡ.’ ಅದಾದ ಮೇಲೆ ಏನೂ ಬರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಟ್ರೋಲ್ಸ್ ತೀರಿಕೊಂಡ.

ಮಣ್ಣು ಮಾಡಲು ಎರಡು ದಿನ ಇರುವಾಗ ಮಾಲೆನೆ ಎಸ್ಬೆನ್‌ನ ಮನೆಗೆ ಬಂದಳು. ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು.

“ಅವನು ನನಗೆ ಹೇಳ್ದ,” ಎಂದಳು. “ಕೊನೇ ವಾರದಲ್ಲಿ. ಬಯ್ಯಲಿಲ್ಲ ನಿನ್ನ. ಆದ್ರೆ ಏನೋ ಆಟ, ಏನೋ ಕದ ಅಂದ. ಜ್ವರ ಇತ್ತು, ನನಗೆ ಅರ್ಥ ಆಗ್ಲಿಲ್ಲ. ನೀನು ಹೇಳು.”

ಎಸ್ಬೆನ್ ಹೇಳಿದ. ಬೂದಿಯ ನಾಡು, ಕಲ್ಲಿನ ಕದ, ಒಬ್ಬರು ಉಳಿಯಬೇಕು ಎಂಬ ನಿಯಮ, ರೊಟ್ಟಿಯ ಮೇಲೆ ಮಾಡಿದ ಪ್ರಮಾಣ, ಮೂರು ಮತ, ಹಬ್ಬದ ಊಟದಲ್ಲಿ ಯಾರೂ ಎತ್ತದ ಹೆಸರು. ಬಾಯಿಬಿಟ್ಟು ಹೇಳುವಾಗ ಅದು ಅವನ ಕಿವಿಗೇ ಮಕ್ಕಳ ಮಾತಿನಂತೆ ಕೇಳಿಸುತ್ತಿತ್ತು. ಶಿಶುವಿಹಾರದ ಮಕ್ಕಳ ಜಗಳ ಕೇಳಿ ಅಭ್ಯಾಸವಿದ್ದ ಮಾಲೆನೆ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದಳು.

“ಅಷ್ಟೇನಾ?” ಎಂದಳು.

“ಅಷ್ಟೇ.”

“ಇನ್ನೂ ಏನೋ ಇರುತ್ತೆ ಅಂದ್ಕೊಂಡು ಬಂದೆ ನಾನು.”

ಅವನಿಗೆ ತನ್ನ ಹೆದರಿಕೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಗಂಡನನ್ನು ಕಳೆದುಕೊಂಡವಳ ಮುಂದೆ ಅದನ್ನು ಆಡಲು ನಾಚಿಕೆಯಾಯಿತು. ಮಾಲೆನೆ ಎದ್ದಳು. ಬಾಗಿಲ ಬಳಿ ನಿಂತು ಕೈಗವಸು ತೊಡುತ್ತಾ, “ಶವಪೆಟ್ಟಿಗೆ ಹೊರೋಕೆ ಆರು ಜನ ಸಿಕ್ಕಿದಾರೆ. ನೀನು ಹೆಗಲು ಕೊಡೋದು ಬೇಡ. ಚರ್ಚಿಗೆ ಬಾ, ಆಮೇಲೆ ಮನೇಲಿ ಕಾಫಿಗೂ ಬಾ. ಬೇಡ ಅನ್ನಲ್ಲ. ಹೊರೋದು ಮಾತ್ರ ಬೇಡ” ಎಂದಳು.

ಅಂದು ಜಡಿ ಮಳೆ. ಚರ್ಚಿನಿಂದ ಗುಂಡಿಯವರೆಗಿನ ದಾರಿ ಕೆಸರಾಗಿ, ಪೆಟ್ಟಿಗೆ ಹೊತ್ತವರು ಜಾರುತ್ತಿದ್ದರು. ಹೊತ್ತವರಲ್ಲಿ ಹೆಲ್ಲೆಯೂ ಇದ್ದಳು. ಗಿಡ್ಡಗಿದ್ದುದರಿಂದ ಅವಳ ಮೂಲೆ ತಗ್ಗುತ್ತಿತ್ತು. ತಿರುವಿನಲ್ಲಿ ಅವಳ ಕಾಲು ಜಾರಿ ಪೆಟ್ಟಿಗೆ ವಾಲಿದಾಗ ಹಿಂದೆ ಬರುತ್ತಿದ್ದ ಎಸ್ಬೆನ್ ಎರಡು ಹೆಜ್ಜೆ ಮುಂದೆ ಹಾಕಿದ. ಮಾಲೆನೆ ತಿರುಗಿ ನೋಡಿದಳು. ಅವನು ನಿಂತ.

“ಯಾಕೋ ನಿಂತೆ? ಹಿಡಿಯೋ!” ಎಂದು ಹೆಲ್ಲೆ ಹಲ್ಲು ಕಚ್ಚಿಕೊಂಡು ಹೇಳಿದಳು.

ಅವನು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಟ್ರೋಲ್ಸ್ ಜೊತೆ ಟ್ಯಾಕ್ಸಿ ಓಡಿಸುತ್ತಿದ್ದ ಯಾವನೋ ಒಬ್ಬ ಗುಂಪಿನಿಂದ ಬಂದು ಹೆಲ್ಲೆಯ ಮೂಲೆಗೆ ಹೆಗಲು ಕೊಟ್ಟ. ಮೆರವಣಿಗೆ ಮುಂದೆ ಸಾಗಿತು.